ಸೈಡ್ ಕ್ಯಾರೆಕ್ಟರ್ ಇಷ್ಟ ಆಯ್ತು ಅಂತ ಹೀರೋ ಮಾಡ್ಬೇಡಿ

ಕಾರ್ಟೂನಿನ ನಾವಿಕ ಪೊಪಾಯ್ ಶುರುವಲ್ಲಿ ಹೀರೋನೇ ಅಲ್ಲ. ಇ. ಸಿ. ಸೀಗರ್ ಅವರ 'ಥಿಂಬಲ್ ಥಿಯೇಟರ್' ಅನ್ನೋ ಕಾಮಿಕ್ ಸ್ಟ್ರಿಪ್ 1919ರಿಂದಲೇ ಪೇಪರಲ್ಲಿ ಬರ್ತಿತ್ತು, ಈ ನಾವಿಕ ಅದರೊಳಗೆ ಕಾಲಿಟ್ಟಿದ್ದು 1929ರ ಜನವರೀಲಿ, ಅದೂ ಕತೇಲಿ ಹಡಗು ನಡೆಸೋಕೆ ಯಾರಾದ್ರೂ ಬೇಕಿತ್ತು ಅಂತ ಅಷ್ಟೇ. ಪ್ರಯಾಣ ಮುಗೀತು, ಅವನ ಕೆಲಸಾನೂ ಮುಗೀತು. ಓದುಗರು ಬಿಡ್ಬೇಕಲ್ಲ! ಅವನು ಬೇಕೇ ಬೇಕು ಅಂದ್ರು, ವಾಪಸ್ ಬಂದ, ಮುಂದೆ ಸ್ಟ್ರಿಪ್ಪಿಗೇ ಅವನ ಹೆಸರು ಬಿತ್ತು. ಅಲ್ಲೀವರೆಗೆ ಸ್ಟ್ರಿಪ್ಪಿನ ನಾಯಕಿ ಆಲಿವ್ ಆಯಿಲ್‌ಗೆ ಜೋಡಿಯಾಗಿದ್ದ ಹ್ಯಾಮ್ ಗ್ರೇವಿ ಅನ್ನೋನು ಇವತ್ತು ಯಾರಿಗೆ ನೆನಪಿದಾನೆ ಹೇಳಿ.

ಯಾಕೆ ಹೀಗಾಗುತ್ತೆ? ನನಗನ್ಸೋದು, ಕತೆ ಹೊರೋ ಭಾರ ಪೂರ್ತಿ ಹೀರೋ ಮೇಲೆ ಇರುತ್ತೆ, ಅವನು ಬದಲಾಗ್ಬೇಕು, ಗೆಲ್ಬೇಕು, ಪ್ರೀತಿಸ್ಬೇಕು, ನಮಗೆ ಎಲ್ಲಾ ವಿವರಿಸ್ತಾ ಇರ್ಬೇಕು. ಸಣ್ಣ ಪಾತ್ರಕ್ಕೆ ಆ ಯಾವ ಗೋಜೂ ಇಲ್ಲ, ಬರುತ್ತೆ, ತನ್ನ ಪಾಡಿಗೆ ತಾನಿರುತ್ತೆ, ಹೋಗುತ್ತೆ, ಉಳಿದಿದ್ದನ್ನ ನಾವೇ ಊಹಿಸ್ಕೋತೀವಿ.

ಸ್ಟಾರ್ ವಾರ್ಸ್ ಸಿನಿಮಾಗಳಲ್ಲಿ ದುಡ್ಡಿಗಾಗಿ ಜನರನ್ನ ಬೇಟೆಯಾಡೋ ಬೋಬಾ ಫೆಟ್ ನೋಡಿ. 1980ರ 'ದಿ ಎಂಪೈರ್ ಸ್ಟ್ರೈಕ್ಸ್ ಬ್ಯಾಕ್'ನಲ್ಲಿ ಅವನಿಗಿದ್ದಿದ್ದು ನಾಲ್ಕೇ ಡೈಲಾಗು, ಮುಖಾನೂ ಕಾಣಲ್ಲ. ಆದ್ರೆ ಆ ಹೆಲ್ಮೆಟ್ಟು, ಅದರ ಮೇಲಿನ ನೆಗ್ಗು, ವಿಲನ್ ಡಾರ್ತ್ ವೇಡರ್ ಮುಂದೆನೂ ಅಂಜದೆ ನಿಲ್ಲೋ ರೀತಿ, ಇಷ್ಟು ಸಾಕಾಯ್ತು ಅಭಿಮಾನಿಗಳಿಗೆ. 1983ರ ಸಿನಿಮಾದಲ್ಲಿ ಅವನನ್ನ ಒಂದು ದೈತ್ಯ ಜೀವಿಯ ಬಾಯಿಗೆ ಬೀಳಿಸಿ ಮುಗಿಸಿಬಿಟ್ರು, ಆದ್ರೂ ಜನ ಅವನನ್ನ ಸಾಯೋಕೆ ಬಿಡಲಿಲ್ಲ. 2021ರ ಡಿಸೆಂಬರಲ್ಲಿ ಅವನದ್ದೇ ಹೆಸರಿನ ಸೀರೀಸೇ ಬಂತು. ಹೆಲ್ಮೆಟ್ ತೆಗೆದ, ಮಾತಾಡಿದ, ಹಿಂದಿನ ಕತೆ ಎಲ್ಲಾ ಹೇಳಿದ. ನನಗಂತೂ ಆ ನಾಲ್ಕು ಡೈಲಾಗಿನವನೇ ದೊಡ್ಡವನಾಗಿ ಕಂಡ.

ಇನ್ನೊಂದು ನೋವಿದೆ. 'ಫ್ಯಾಮಿಲಿ ಮ್ಯಾಟರ್ಸ್' ಅನ್ನೋ ಅಮೆರಿಕನ್ ಸಿಟ್‌ಕಾಮ್ ಒಂದು ಕುಟುಂಬದ ಕತೆ. ಒಂದೇ ಎಪಿಸೋಡಿಗೆ ಅಂತ ಬಂದ ಪಕ್ಕದ್ಮನೆ ಹುಡುಗ ಸ್ಟೀವ್ ಅರ್ಕಲ್ ಎಷ್ಟು ಹಿಟ್ ಆದ ಅಂದ್ರೆ ಇಡೀ ಶೋನೇ ಅವನ ಕಡೆ ತಿರುಗ್ತು. ಆ ಮನೆ ಕಿರಿ ಮಗಳು ಜೂಡಿ ನಾಲ್ಕನೇ ಸೀಸನ್ ಆದ್ಮೇಲೆ ಕಾಣ್ಲೇ ಇಲ್ಲ, ಎಲ್ಲಿ ಹೋದ್ಲು ಅಂತ ಕತೇಲಿ ಒಂದು ಮಾತೂ ಇಲ್ಲ. ಆ ಪಾತ್ರಾನ ಹಚ್ಚಿಕೊಂಡವರೂ ಇದ್ರಲ್ಲ!

ಹಾರ್ಲಿ ಕ್ವಿನ್ ಬೇರೆ ಥರ, ಒಪ್ತೀನಿ. 1992ರ ಬ್ಯಾಟ್‌ಮ್ಯಾನ್ ಕಾರ್ಟೂನಲ್ಲಿ ವಿಲನ್ ಜೋಕರ್‌ನ ಸಹಾಯಕಿಯಾಗಿ ಬಂದೋಳು, ಅವನನ್ನ ಬಿಟ್ಟು ಬರ್ತಾಳಾ ಅನ್ನೋ ಪ್ರಶ್ನೆ ಅವಳೊಳಗೇ ಇತ್ತು, ಅದಕ್ಕೇ ಬೆಳೆದ್ಲು.

ನನ್ನ ಪ್ರಕಾರ ಇದನ್ನ ಸರಿಯಾಗಿ ನಿಭಾಯಿಸಿದ್ದು ಇಂಗ್ಲಿಷ್ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್. 1836ರಲ್ಲಿ ಅವರ 'ಪಿಕ್‌ವಿಕ್ ಪೇಪರ್ಸ್' ಕಾದಂಬರಿ ತಿಂಗಳ ಕಂತುಗಳಲ್ಲಿ ಬರ್ತಿದ್ದಾಗ ನಾಲ್ಕನೇ ಕಂತಲ್ಲಿ ಸ್ಯಾಮ್ ವೆಲ್ಲರ್ ಬಂದ, ಹೋಟೆಲಲ್ಲಿ ಬೂಟ್ ಪಾಲಿಶ್ ಮಾಡೋನು. ಅವನ ಮಾತಿಗೆ ಜನ ಮುಗಿಬಿದ್ರು, ಮೊದಮೊದಲು ಕುಂಟ್ತಿದ್ದ ಮಾರಾಟ ಕೊನೇಲಿ 40,000 ಪ್ರತಿ ತನಕ ಹೋಯ್ತು. ಡಿಕನ್ಸ್ ಅವನಿಗೆ ಜಾಗ ಜಾಸ್ತಿ ಕೊಟ್ರು, ಆದ್ರೆ ಹೀರೋ ಪಿಕ್‌ವಿಕ್‌ನ ಪಕ್ಕಕ್ಕೆ ತಳ್ಳಲಿಲ್ಲ. ಪಿಕ್‌ವಿಕ್ ಜೈಲಿಗೆ ಹೋದಾಗ, ಅಷ್ಟರಲ್ಲಿ ಅವನ ಆಳಾಗಿದ್ದ ಸ್ಯಾಮ್ ಬೇಕಂತಲೇ ಸಾಲದ ಕೇಸಲ್ಲಿ ಅರೆಸ್ಟ್ ಆಗಿ ಅವನ ಜೊತೆ ಒಳಗೆ ಹೋಗ್ತಾನೆ. ಇಡೀ ಪುಸ್ತಕದಲ್ಲಿ ನನಗೆ ಅತಿ ಇಷ್ಟವಾದ ಭಾಗ ಅದೇ, ಮತ್ತೆ ಅದು ಸ್ಯಾಮ್ ಒಬ್ಬನೇ ಹೀರೋ ಆಗಿದ್ರೆ ಬರೆಯೋಕೆ ಆಗ್ತಾನೇ ಇರ್ಲಿಲ್ಲ.