ತಾಯಿ ಇಲಿಯದ್ದೇನು ತಪ್ಪು?

ಹೋದ ತಿಂಗಳು ಒಂದು ರಾತ್ರಿ ಹನ್ನೊಂದೂವರೆಗೆ ಚಿಕ್ಕಪ್ಪನ ಮಗಳಿಂದ ಮೆಸೇಜ್ ಬಂತು. "ಅಕ್ಕಾ, ಚಿಕ್ಕ ಮಗೂಗೆ ಸ್ಟ್ರೆಸ್ ಆದ್ರೆ ಮೆದುಳು ಪೂರ್ತಿ ಹಾಳಾಗುತ್ತಂತೆ. ಆಮೇಲೆ ಸರಿಹೋಗೋದೇ ಇಲ್ವಂತೆ. ಹೌದಾ?" ಜೊತೆಗೆ ಒಂದೂವರೆ ನಿಮಿಷದ ವಿಡಿಯೋ. ಅಳುವ ಮಗು, ಬಿಳಿ ಇಲಿಗಳು, ಮೆದುಳಿನ ಬಣ್ಣಬಣ್ಣದ ಚಿತ್ರ. ಕೊನೆಯಲ್ಲಿ ದೊಡ್ಡ ಅಕ್ಷರಗಳಲ್ಲಿ, ನಿಮ್ಮ ಮಗುವಿನ ಮೆದುಳು ನಿಮ್ಮ ಕೈಯಲ್ಲಿದೆ ಅಂತ ಒಂದು ಸಾಲು.

ಅವಳ ಮಗ ಹುಟ್ಟಿದ ವರ್ಷ ಗಂಡನಿಗೆ ಕೆಲಸ ಇರಲಿಲ್ಲ. ಮಗುವಿಗೆ ನಾಲ್ಕು ತಿಂಗಳು ತುಂಬುವ ಮೊದಲೇ ಇವಳು ರಾತ್ರಿ ಪಾಳಿಗೆ ಹೋದಳು. ಹಗಲು ನಿದ್ದೆಗಣ್ಣಲ್ಲೇ ಹಾಲೂಡಿಸುತ್ತಿದ್ದಳು. ಮಧ್ಯೆ ಆಫೀಸಿನ ಫೋನ್ ಬಂದರೆ ಮಗುವನ್ನು ಬಿಟ್ಟು ಏಳಲೇಬೇಕಿತ್ತು. ಈಗ ಮಗನಿಗೆ ಎಂಟು ವರ್ಷ. ಓದಿದ್ದು ತಲೇಲಿ ನಿಲ್ಲುತ್ತಿಲ್ಲ ಅಂತ ಸ್ಕೂಲಿನವರು ಹೇಳಿದ್ದಾರೆ. ಅದನ್ನೂ ಇದನ್ನೂ ಜೋಡಿಸಿಕೊಂಡು ಕೂತಿದ್ದಾಳೆ.

"ಹಾಗೇನಿಲ್ಲ, ಮಲ್ಕೋ" ಅಂದುಬಿಡಬಹುದಿತ್ತು. ಮನಸ್ಸು ಬರಲಿಲ್ಲ. ಆ ಇಲಿಗಳ ವಿಷಯವನ್ನು ಮೂಲದಲ್ಲೇ ಓದೋಣ ಅಂತ ಹುಡುಕಿದೆ. ಸಿಕ್ಕಿದ್ದು ಟ್ಯಾಲಿ ಬರಾಮ್ ಅನ್ನುವ ವಿಜ್ಞಾನಿಯ ಪ್ರಬಂಧಗಳು. ಅವರು ಮಕ್ಕಳ ನರರೋಗ ತಜ್ಞೆ. ಅರ್ವೈನ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ, ಎಳವೆಯ ಒತ್ತಡ ಬೆಳೆಯುವ ಮೆದುಳಿಗೆ ಏನು ಮಾಡುತ್ತೆ ಅನ್ನೋದನ್ನು ದಶಕಗಳಿಂದ ಬೆನ್ನು ಹತ್ತಿದ್ದಾರೆ. ಒಂದು ಪ್ರಬಂಧ ಅಂತ ಶುರು ಮಾಡಿದವಳು ಮೂರು ವಾರ ಅದರಲ್ಲೇ ಮುಳುಗಿಹೋದೆ. ಓದಿದಷ್ಟೂ ಆ ವಿಡಿಯೋ ಮೇಲೆ ಸಿಟ್ಟು ಜಾಸ್ತಿಯಾಯಿತು.

ಮೊದಲು ಪ್ರಯೋಗ ಹೇಗಿದೆ ನೋಡಿ.

ಇಲಿಮರಿಗಳಿಗೆ ಒತ್ತಡ ಕೊಡಬೇಕು ಅಂದ್ರೆ ಬಹಳ ಪ್ರಯೋಗಾಲಯಗಳು ಮಾಡುತ್ತಿದ್ದದ್ದು ಒಂದೇ. ದಿನಕ್ಕೆ ಕೆಲವು ಗಂಟೆ ತಾಯಿಯಿಂದ ಬೇರೆ ಮಾಡೋದು. ಆದರೆ ಕಷ್ಟದಲ್ಲಿ ಬೆಳೆಯುವ ಮಕ್ಕಳಲ್ಲಿ ಹೆಚ್ಚಿನವರಿಗೆ ತಾಯಿ ಪಕ್ಕದಲ್ಲೇ ಇರುತ್ತಾಳೆ, ಅಲ್ವಾ? ಬರಾಮ್ ಅವರ ತಂಡ ಆ ಸ್ಥಿತಿಗೆ ಹತ್ತಿರವಾದದ್ದನ್ನು ಮಾಡಿತು. ತಾಯಿಯನ್ನೂ ಮರಿಗಳನ್ನೂ ಒಟ್ಟಿಗೇ ಬಿಟ್ಟರು. ಊಟ, ನೀರು ಎಲ್ಲಾ ಮಾಮೂಲು. ತೆಗೆದದ್ದು ಗೂಡು ಕಟ್ಟುವ ಸಾಮಾನನ್ನು ಮಾತ್ರ. ಮಾಮೂಲಿ ಪಂಜರದಲ್ಲಿ ಹಾಸಲು ಬೇಕಾದಷ್ಟು ಮರದ ಹೊಟ್ಟು ಇರುತ್ತೆ. ಇಲ್ಲಿ ನೆಲಕ್ಕೆ ಸಣ್ಣ ಕಣ್ಣಿನ ಜಾಲರಿ. ಅದರ ಮೇಲೆ ಒಂದು ತುಂಡು ಪೇಪರ್ ಟವೆಲ್. ಅಷ್ಟೇ. ಮರಿ ಹುಟ್ಟಿದ ಎರಡನೇ ದಿನದಿಂದ ಒಂಬತ್ತನೇ ದಿನದವರೆಗೆ, ಒಂದೇ ಒಂದು ವಾರ ಹೀಗೆ.

ತಾಯಿ ಏನು ಮಾಡುತ್ತೆ? ಆ ತುಂಡು ಕಾಗದವನ್ನೇ ಹರಿದು ಹರಿದು ಗೂಡು ಮಾಡಲು ನೋಡುತ್ತೆ. ಸಾಲೋದಿಲ್ಲ. ಮರಿಗಳ ಹತ್ತಿರ ಬರುತ್ತೆ, ನೆಕ್ಕುತ್ತೆ, ಅರ್ಧಕ್ಕೇ ಬಿಟ್ಟು ಏಳುತ್ತೆ. ಮತ್ತೆ ಬಂದು ಹಾಲೂಡಿಸುತ್ತೆ, ಮತ್ತೆ ಎದ್ದು ಹೋಗುತ್ತೆ. ಒಟ್ಟು ಸಮಯ ಕೂಡಿಸಿದರೆ ಆರೈಕೆ ಹೆಚ್ಚೂಕಡಿಮೆ ಅಷ್ಟೇ ಇದೆ. ಪ್ರೀತಿ ಕಡಿಮೆ ಆಗಿಲ್ಲ ಅಂತಲೇ ನಾನು ಓದಿಕೊಂಡೆ. ವಿಜ್ಞಾನಿಗಳು ಆ ಪದ ಬಳಸೋದಿಲ್ಲ, ಬಿಡಿ. ಆದರೆ ಆ ಆರೈಕೆ ತುಂಡುತುಂಡಾಗಿದೆ. ಮುಂದೇನು ಅನ್ನೋದು ಮರಿಗೆ ಊಹೆಗೆ ಸಿಗದ ಹಾಗೆ ಆಗಿದೆ.

ಪರಿಣಾಮ ಎಲ್ಲಿ ಕಾಣಿಸಿತು ಅನ್ನೋದು ನನ್ನನ್ನು ಜಾಸ್ತಿ ಕಾಡಿದ್ದು. 2005ರಲ್ಲಿ ಬಂದ ಪ್ರಬಂಧದ ಪ್ರಕಾರ ಈ ಮರಿಗಳು ಬೆಳೆದು ಪ್ರಾಯಕ್ಕೆ ಬಂದಾಗ ನೆನಪಿನ ಪರೀಕ್ಷೆಗಳಲ್ಲಿ ಪಾಸಾದವು. ಏನೂ ಆಗಿಲ್ಲ ಅಂದುಕೊಳ್ಳಬೇಕು, ಹಾಗಿತ್ತು. ಆದರೆ ಸುಮಾರು ಒಂದು ವರ್ಷದ ಹೊತ್ತಿಗೆ, ಅಂದ್ರೆ ಇಲಿಯ ನಡುವಯಸ್ಸಿನಲ್ಲಿ, ನೆನಪಿನ ಶಕ್ತಿ ಕುಂದಿತ್ತು. ನೆನಪುಗಳಿಗೆ ಬೇಕಾದ ಹಿಪೋಕ್ಯಾಂಪಸ್ ಅನ್ನುವ ಭಾಗದಲ್ಲಿ ನರಕೋಶಗಳ ಕವಲುಗಳು ಸೊರಗಿದ್ದವು. ಮೊದಲ ವಾರದ ಕಷ್ಟ ಅಷ್ಟು ತಡವಾಗಿ ತಲೆ ಎತ್ತಿತ್ತು.

2016ರ ಇನ್ನೊಂದು ಪ್ರಬಂಧ ಸಂತೋಷದ ಬಗ್ಗೆ. ಇಂಥ ಪಂಜರದಲ್ಲಿ ಬೆಳೆದ ಎಳೆಪ್ರಾಯದ ಇಲಿಗಳು ಸಕ್ಕರೆ ನೀರನ್ನು ಅಷ್ಟಾಗಿ ಇಷ್ಟಪಡಲಿಲ್ಲ. ಜೊತೆಗಾರರ ಜೊತೆ ಆಟವೂ ಕಡಿಮೆ. ಇದನ್ನು ಓದಿದ ದಿನ ಮುಂದೆ ಓದಲು ಆಗಲಿಲ್ಲ. ಆಟ ಬೇಡ ಅನ್ನುವ ಮರಿ!

ಆದರೆ ಹಾಳಾದದ್ದು ಹಾಳಾಯಿತು, ಮುಗೀತು ಅಂತ ಈ ಪ್ರಬಂಧಗಳಲ್ಲಿ ಎಲ್ಲೂ ಇಲ್ಲ. ಸಿಆರ್‌ಎಚ್ ಅಂತ ಒಂದು ಹಾರ್ಮೋನ್ ಇದೆ. ಒತ್ತಡ ಬಂದಾಗ ದೇಹಕ್ಕೆ ಎಚ್ಚರಿಕೆ ಕೊಡುವ ಸಾಲಿನಲ್ಲಿ ಮೊದಲನೆಯದು. 1981ರಲ್ಲಿ ವೈಲಿ ವೇಲ್ ಅನ್ನುವ ವಿಜ್ಞಾನಿಯ ತಂಡ ಇದನ್ನು ಗುರುತಿಸಿತು. ಎಳವೆಯಲ್ಲಿ ಒತ್ತಡ ಕಂಡ ಇಲಿಗಳ ಹಿಪೋಕ್ಯಾಂಪಸ್‌ನಲ್ಲಿ ಇದರ ಕಾಟ ಜಾಸ್ತಿ. 2010ರಲ್ಲಿ ಬರಾಮ್ ತಂಡ, ಕಷ್ಟದ ವಾರ ಮುಗಿದ ಮೇಲೆ, ಈ ಹಾರ್ಮೋನಿನ ಕೆಲಸ ತಡೆಯುವ ಔಷಧಿಯನ್ನು ಮರಿಗಳ ಮೆದುಳಿಗೆ ಕೊಟ್ಟು ನೋಡಿತು. ದೊಡ್ಡವಾದಾಗ ಆ ಇಲಿಗಳ ನೆನಪು ಚೆನ್ನಾಗಿಯೇ ಇತ್ತು. ಮಕ್ಕಳಿಗೆ ಇಂಥ ಔಷಧಿ ಇದೆ ಅಂತ ದಯವಿಟ್ಟು ಓದಿಕೊಳ್ಳಬೇಡಿ. ನನ್ನ ಕಣ್ಣಿಗೆ ಬಿದ್ದದ್ದು "ಮುಗಿದ ಮೇಲೆ" ಅನ್ನುವ ಮಾತು. ವಿಡಿಯೋದವರು ಮುಚ್ಚಿದ ಬಾಗಿಲು ಅಲ್ಲಿ ತೆರೆದೇ ಇದೆ.

ಮನುಷ್ಯರ ಮಕ್ಕಳ ಬಗ್ಗೆ ಇರುವುದು ಇನ್ನೂ ಎಚ್ಚರಿಕೆಯಿಂದ ಓದಬೇಕಾದದ್ದು. ಎಲಿಸಿಯಾ ಡೇವಿಸ್, ಬರಾಮ್ ಮತ್ತು ಜೊತೆಗಾರರು ಒಂದು ವರ್ಷದ ಮಕ್ಕಳು ತಾಯಿಯ ಜೊತೆ ಆಡುವುದನ್ನು ಹತ್ತು ನಿಮಿಷ ವಿಡಿಯೋ ಮಾಡಿಕೊಂಡರು. ತಾಯಿ ಮಾತಾಡಿದ್ದು, ಮುಟ್ಟಿದ್ದು, ಆಟಿಕೆ ತೋರಿಸಿದ್ದು ಯಾವುದಾದ ಮೇಲೆ ಯಾವುದು ಬಂತು ಅಂತ ಗುರುತು ಹಾಕಿದರು. ಆ ಸರಣಿ ಎಷ್ಟು ಊಹೆಗೆ ಸಿಗುತ್ತೆ ಅಂತ ಲೆಕ್ಕ ಹಾಕಿದರು. ಊಹೆಗೆ ಸಿಗದಷ್ಟೂ ಆರೂವರೆ ವರ್ಷದಲ್ಲಿ ಆ ಮಕ್ಕಳ ನೆನಪಿನ ಪರೀಕ್ಷೆಯ ಅಂಕ ಕಡಿಮೆ ಇತ್ತು. ಇದು ಬಂದದ್ದು 2017ರಲ್ಲಿ. ಎರಡು ಸಂಗತಿ ಜೊತೆಜೊತೆಗೆ ಕಂಡವು ಅನ್ನಬಹುದು. ಇದರಿಂದಲೇ ಅದು ಆಯಿತು ಅನ್ನಲು ಅಷ್ಟು ಸಾಕಾಗೋದಿಲ್ಲ. ಇಂಥದ್ದು ಗುಂಪಿನ ಸರಾಸರಿ. ನಿಮ್ಮ ಮನೆಯ ಒಂದು ಮಗುವಿನ ಭವಿಷ್ಯ ಅದರಲ್ಲಿ ಬರೆದಿರೋದಿಲ್ಲ.

ಬಾಲ್ಯದ ಕಷ್ಟಗಳಿಗೆ ಅಂಕ ಕೊಡುವ ಪದ್ಧತಿಯೂ ಒಂದಿದೆ. 1998ರಲ್ಲಿ ಫೆಲಿಟ್ಟಿ ಮತ್ತು ಆಂಡಾ ಅನ್ನುವ ಅಮೆರಿಕದ ವೈದ್ಯರು ಪ್ರಕಟಿಸಿದ ದೊಡ್ಡ ಅಧ್ಯಯನದಿಂದ ಬಂದದ್ದು. ಅದನ್ನೇ ಈಗ ಜನ ಆನ್‌ಲೈನ್ ಕ್ವಿಜ್ ಥರ ಆಡುತ್ತಿದ್ದಾರೆ. ಒಬ್ಬೊಬ್ಬರ ಹಣೆಬರಹ ಹೇಳಲು ಈ ಅಂಕ ಬಳಸಬೇಡಿ ಅಂತ 2020ರಲ್ಲಿ ಆಂಡಾ ಅವರೇ ಬರೆದರು.

ಈಗ ನನ್ನ ಸಿಟ್ಟಿನ ವಿಷಯಕ್ಕೆ ಬರ್ತೀನಿ.

ಆ ಪ್ರಯೋಗದಲ್ಲಿ ವಿಜ್ಞಾನಿಗಳು ತಾಯಿಯನ್ನು ಬದಲಿಸಲಿಲ್ಲ. ಕೆಟ್ಟ ತಾಯಿಯರನ್ನು ಹುಡುಕಿ ತರಲೂ ಇಲ್ಲ. ಯಾವ ತಾಯಿ ಯಾವ ಪಂಜರಕ್ಕೆ ಅನ್ನೋದು ಸುಮ್ನೆ ಚೀಟಿ ಎತ್ತಿದ ಹಾಗೆ. ಹೊಟ್ಟು ಇದ್ದ ಪಂಜರಕ್ಕೆ ಹೋಗಿದ್ದರೆ ಅದೇ ಇಲಿ ನೆಮ್ಮದಿಯಾಗಿ ಮಲಗಿ ಹಾಲೂಡಿಸುತ್ತಿತ್ತು. ಕಿತ್ತುಕೊಂಡದ್ದು ಒಂದು ಹಿಡಿ ಮರದ ಹೊಟ್ಟು. ಅದೊಂದರಿಂದ ತಾಯಿಯ ನಡವಳಿಕೆ ಕದಡಿತು, ಅದರಿಂದ ಮರಿಯ ಮೆದುಳು. ಇಷ್ಟು ಸ್ಪಷ್ಟವಾಗಿ ಬರೆದಿರುವುದನ್ನು ಓದಿ, ಪಂಜರವನ್ನು ಪಕ್ಕಕ್ಕಿಟ್ಟು ತಾಯಿಯ ಕಡೆ ಬೆರಳು ಮಾಡಲು ಹೇಗಾದರೂ ಮನಸ್ಸು ಬರುತ್ತೆ? ಈ ಸಂಶೋಧನೆ ಹೇಳುತ್ತಿರುವುದು ಸಂಬಳ ಸಹಿತ ರಜೆಯ ಬಗ್ಗೆ, ನಿದ್ದೆಯ ಬಗ್ಗೆ, ಮನೆ ಬಾಡಿಗೆಯ ಬಗ್ಗೆ, ಮಗು ನೋಡಿಕೊಳ್ಳಲು ಇನ್ನೊಂದು ಜೊತೆ ಕೈ ಇದೆಯಾ ಅನ್ನುವ ಬಗ್ಗೆ ಅಂತ ನಾನು ನಂಬಿದ್ದೀನಿ. ಆ ವಿಡಿಯೋದಲ್ಲಿ ಅಪ್ಪನ ಮುಖ ಕೂಡ ಇರಲಿಲ್ಲ.

ರೊಮೇನಿಯಾದ ಅನಾಥಾಲಯಗಳ ಅಧ್ಯಯನವೂ ನನಗೆ ಇದನ್ನೇ ಹೇಳಿತು. ಬುಕಾರೆಸ್ಟ್‌ನಲ್ಲಿ 136 ಎಳೆಮಕ್ಕಳಲ್ಲಿ ಅರ್ಧದಷ್ಟನ್ನು ಚೀಟಿ ಎತ್ತಿ ಸಾಕು ಮನೆಗಳಿಗೆ ಕಳಿಸಿದರು. ನಾಲ್ಕೂವರೆ ವರ್ಷದ ಹೊತ್ತಿಗೆ ಸಾಕು ಮನೆಗೆ ಅಂತ ಆರಿಸಿದ ಮಕ್ಕಳ ಸರಾಸರಿ ಐಕ್ಯೂ 81, ಅನಾಥಾಲಯದ ಗುಂಪಿನದ್ದು 73. ಸ್ವಂತ ಮನೆಯಲ್ಲಿ ಬೆಳೆದ ಮಕ್ಕಳ 109 ಇನ್ನೂ ದೂರವೇ ಇತ್ತು. ಎರಡು ವರ್ಷದೊಳಗೆ ಮನೆ ಸಿಕ್ಕ ಮಕ್ಕಳು ಹೆಚ್ಚು ಚೇತರಿಸಿಕೊಂಡರು. ನಷ್ಟ ನಿಜ, ತಡ ಮಾಡಿದರೆ ಜಾಸ್ತಿ, ಅದನ್ನು ನಾನು ಮುಚ್ಚಿಡಲ್ಲ. ಆದರೆ ಸುತ್ತಲಿನದ್ದು ಬದಲಾದಾಗ ಮಕ್ಕಳೂ ಬದಲಾದರು.

ನನ್ನ ತಂಗಿಗೆ ಇದೆಲ್ಲಾ ಫೋನಿನಲ್ಲಿ ಹೇಳಿದೆ. ಮಗನ ಓದಿನ ತೊಂದರೆಗೆ ನೂರು ಕಾರಣ ಇರಬಹುದು, ಕಣ್ಣು ಕಿವಿ ತೋರಿಸು, ಬಲ್ಲವರ ಹತ್ತಿರ ಕರ್ಕೊಂಡು ಹೋಗು ಅಂದೆ. ಪಂಜರ ಹೇಗಿರುತ್ತೆ ಅಂತ ಕೇಳಿದಳು. ಜಾಲರಿ, ತುಂಡು ಕಾಗದ, ಹಿಂದೆ ಮುಂದೆ ಓಡಾಡುವ ತಾಯಿ, ಎಲ್ಲಾ ಹೇಳಿದೆ. ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ಒಂಬತ್ತನೇ ದಿನ ಆದ್ಮೇಲೆ ಹೊಟ್ಟು ವಾಪಸ್ ಹಾಕ್ತಾರಾ ಅಕ್ಕಾ?" ಅಂದಳು.

ಹಾಕ್ತಾರೆ ಕಣೇ ಅಂದೆ. ತಾಯಿನೂ ಮರಿಗಳನ್ನೂ ಮತ್ತೆ ಮಾಮೂಲಿ ಪಂಜರಕ್ಕೆ ಬಿಡ್ತಾರೆ.