ಜೋಡಿಗಿ 30 ರೂಪಾಯಿ

ಜೋಡಿಗಿ 30. ಎಂಟೂ ಮೀನು ಕೂಡಿ 120 ರೂಪಾಯಿ. ಅಷ್ಟರಾಗ ಮೂರು ಮಂದಿ ಸುಸ್ಲಾ-ಮಿರ್ಚಿ ತಿಂದು ಚಾ ಕುಡದು ಬರಬಹುದು.

ನಾ ಎಷ್ಟ್ ಕೊಟ್ಟೀನಿ ಅಂತ ಆ ಮೀನಿನ ಅಂಗಡ್ಯಾಗ ಬಾಯಿ ಬಿಡ್ಲಿಲ್ಲ. ಮನ್ಯಾಗಂತೂ ಹೇಳಾಂಗೇ ಇಲ್ಲ. ಇಲ್ಲಿ ಹೇಳ್ತೀನಿ, ಹೊಟ್ಟ್ಯಾಗ ಇಟ್ಕೊಂಡ್ರ ನಿದ್ದಿ ಬರಾಂಗಿಲ್ಲ. ಒಂದಕ್ಕ 650ರಂಗ 5200. ಪ್ಯಾಕಿಂಗ್ ಅಂತ ಮ್ಯಾಲ 450.

ಫೋಟೋ ತೋರ್ಸಿ ಮೀನು ಮಾರಿದಾಂವಗ ನಾ ಕೇಳಿದ್ದು ಮಲ್ಟಿ, ಶಂಖದಾಗ ಇರಾ ಸಣ್ಣ ಮೀನು. ನಿಯೋಲ್ಯಾಂಪ್ರೋಲೋಗಸ್ ಮಲ್ಟಿಫ್ಯಾಸಿಯೇಟಸ್ ಅಂತ ಪೂರಾ ಹೆಸರು ಸುದ್ದಾ ಬರದು ಕಳಿಸಿದ್ದೆ. "ಸಿಮಿಲಿಸ್ ಅಲ್ಲಲ್ಲರಿ? ಪಟ್ಟಿ ತಲಿ ಮಟ ಬಂದಿಲ್ಲಲ್ಲ?" ಅಂತ ಮೂರು ಸಲ ಕೇಳೀನಿ; ಸಿಮಿಲಿಸ್ ಅಂದ್ರ ಅದರಂಗೇ ಕಾಣೋ ಇನ್ನೊಂದು ಜಾತಿ. ಎಂಥಾ ಹುಚ್ಚ ನೋಡ್ರಿ. ನಾ ಗೋಧಿ ನುಚ್ಚೋ ಜೋಳದ ನುಚ್ಚೋ ಅಂತ ಕೇಳ್ಲಿಕತ್ತೀನಿ, ಅಂವ ಉಸುಕು ಅಳದು ಕೊಟ್ಟಾನ.

ಇವತ್ತು ಮೀನು ತರೋ ಬೆಂಗಳೂರು ಬಸ್ ಎರಡು ತಾಸು ತಡ. ನಮ್ಮ ಕಲಬುರಗಿ ರಾಮ ಮಂದಿರ ಸರ್ಕಲ್‌ನಾಗ ಕ್ಲೀನರ್ ಕೈಲಿಂದ ಥರ್ಮಾಕೋಲ್ ಡಬ್ಬಿ ಇಸ್ಕೊಂಡಾಗ ಹತ್ತು ಗಂಟಿ ದಾಟಿತ್ತು. ಸೀದಾ ಮನಿಗಿ ಹೋಗಿದ್ರ ಮುಗೀತಿತ್ತು. ಹೋಗ್ಲಿಲ್ಲ. ಸೂಪರ್ ಮಾರ್ಕೆಟ್ ಕಡಿ ಗಾಡಿ ತಿರುವಿದೆ. ಏರ್‌ಸ್ಟೋನ್ ಬೇಕಿತ್ತು, ಟ್ಯಾಂಕಿನ ನೀರಾಗ ಗಾಳಿ ಗುಳ್ಳಿ ಬಿಡೋ ಕಲ್ಲು. ಖರೆ ಹೇಳ್ತೀನಿ, ಏರ್‌ಸ್ಟೋನ್ ನೆವ. ತೋರ್ಸಲಾಕ ಹೋಗಿದ್ದೆ. ಯಾಕಂದ್ರ ಜನವರಿದಾಗ ಅದೇ ಅಂಗಡಿಯಾಂವ ನನ್ನ ಮಾರಿ ನೋಡಿ ನಕ್ಕು, "ಶಂಖದಾಗ ಏಡಿ ಇರ್ತದ್ರಿ ಸರ, ಮೀನ್ ಎಲ್ಲಿರ್ತದ?" ಅಂದಿದ್ದ. ಆ ಮಾತು ಮೂರು ತಿಂಗಳು ಇಟ್ಕೊಂಡು ತಿರುಗೀನಿ.

ಡಬ್ಬಿ ಒಡೆಯೋದು ಕಟ್ ಮಾಡದೇ ಒಂದೇ ವಿಡಿಯೋದಾಗ ಇರಬೇಕು, ಇಲ್ಲಂದ್ರ ಗ್ಯಾರಂಟಿ ಇಲ್ಲ ಅಂತ ಮಾರಿದಾಂವ ಹೇಳಿದ್ದ. ಅದಕ್ಕ ಅಂಗಡಿ ಪೋರನ ಕೈಯಾಗ ಫೋನ್ ಕೊಟ್ಟೆ. "ಏನೇ ಆದ್ರೂ ಬಂದ್ ಮಾಡಬ್ಯಾಡ" ಅಂತ ನಾನೇ ಹೇಳಿದ್ದು. ವಿಡಿಯೋ ಈಗ ನನ್ನ ಹಂತ್ಯಾಕ ಅದ. 4 ನಿಮಿಷ 12 ಸೆಕೆಂಡ್. ಹನ್ನೊಂದು ಸಲ ನೋಡೀನಿ.

ಮೊದಲ ಎರಡು ನಿಮಿಷ ಬರೇ ನನ್ನ ಭಾಷಣ. ಆಫ್ರಿಕಾದ ಟ್ಯಾಂಗನಿಕಾ ಕೆರಿ ಅಂತೀನಿ, ಅದರ ತಳದಾಗ ಸತ್ತ ಶಂಖದ ಹುಳದ ಚಿಪ್ಪು ರಾಶಿ ಬಿದ್ದಿರ್ತಾವ ಅಂತೀನಿ, ಬೆರಳಿನಷ್ಟೂ ಇಲ್ಲದ ಮೀನು ಒಂದೊಂದು ಚಿಪ್ಪು ಹಿಡದು ಸಂಸಾರ ಮಾಡ್ತದ, ಬಾಯಿಲೇ ಉಸುಕು ತೋಡಿ ಚಿಪ್ಪು ಹೂಳ್ತದ, ಒಳಗೇ ತತ್ತಿ ಇಡ್ತದ ಅಂತೀನಿ. 1906ರಾಗ ಬೌಲೆಂಜರ್ ಅನ್ನಾಂವ ಹೆಸರಿಟ್ಟ ಅಂತ ಬ್ಯಾರೆ. ಯಾರ್ ಕೇಳಿದ್ರು? ವಾಸ್ತುಕ್ಕ ಅರೋವಾನಾ ಮೀನು ಬೇಕಂತ ಬಂದ ಒಬ್ಬ ಹಿರ್ಯಾ, ಕಾಲೇಜಿನ ಎರಡು ಹುಡುಗರು, ಗೋಲ್ಡ್‌ಫಿಶ್‌ಗೆ ಹಟ ಹಿಡಿದ ಕೂಸಿನ ಜೋಡಿ ಒಬ್ಬಾಕಿ ಅಕ್ಕ. ಎಲ್ಲಾರೂ ಕೈ ಕಟ್ಟಿ ಕೇಳ್ಲಿಕತ್ತಾರ. ಆ ಹಿರ್ಯಾ "ಹೌದೇನ್ರಿ!" ಅಂತಾನ.

ಆಮ್ಯಾಲ ಚೀಲ ಹೊರಗ ತೆಗೀತೀನಿ. ಅಂಗಡಿಯಾಂವ ಕೈಯಾಗ ತೊಗೊಂಡು ಟ್ಯೂಬ್‌ಲೈಟಿಗಿ ಹಿಡೀತಾನ. ಹೊಳ್ಳಿಸ್ತಾನ. ನಗ್ಲಿಲ್ಲರಿ ಅಂವ. ನಕ್ಕಿದ್ರ ನಂಗ ಇಷ್ಟ್ ಉರೀತಿರಲಿಲ್ಲ. ಏನೂ ಮಾತಾಡದೇ ಕೆಳಗಿನ ಟ್ಯಾಂಕಿನ ಲೈಟ್ ಹಚ್ಚಿದ, ನನ್ನ ಚೀಲ ಅದರ ಗ್ಲಾಸಿಗಿ ಒತ್ತಿ ಹಿಡದ. ಚೀಲದಾಗ ಎಂಟು, ಗ್ಲಾಸಿನ ಆ ಕಡಿ ಅರವತ್ತೋ ಎಪ್ಪತ್ತೋ. ಅದೇ ಕಪ್ಪು ಪಟ್ಟಿ, ಅದೇ ಸೈಜು. ಜಾತ್ರ್ಯಾಗ ತಪ್ಪಿಸ್ಕೊಂಡ ಅಣ್ಣತಮ್ಮಂದಿರು ಸಿಕ್ಕಾಂಗ ನನ್ನ ಮೀನು ಗ್ಲಾಸಿನ ಕಡಿ ಮಾರಿ ಮಾಡಿ ನಿಂತ್ವು.

"ಯೇ ತೋ ಜೀಬ್ರಾ ಹೈ ನಾ ಸರ," ಅಂದ, ಸಣ್ಣ ಧ್ವನಿದಾಗ. "ಜೋಡಿಗಿ 30. ನಿಮಗ 25."

ನಿಮಗ 25!

ನಾ ಅವಾಗ ಏನಂದೆ ಗೊತ್ತೇನ್ರಿ? "ಹಂಗಲ್ಲ, ಇವು ಬ್ಯಾರೆ, ಇನ್ನಾ ಮರಿ ಅವ, ಕಣ್ಣಿಗಿ ನೀಲಿ ಬಣ್ಣ ಆಮ್ಯಾಲ ಬರ್ತದ" ಅಂದೆ. ಇದು ಆ ಮೋಸಗಾರ ನಂಗ ಹೇಳಿದ್ದ ಮಾತು! ನನ್ನ ರೊಕ್ಕ ನುಂಗಿದಾಂವನ ಪರವಾಗಿ ನಾನೇ ವಕೀಲಕಿ ಮಾಡ್ಲಿಕತ್ತೀನಿ, ತುಂಬಿದ ಅಂಗಡ್ಯಾಗ. ಹಿರ್ಯಾ ಬಗ್ಗಿ ಡಬ್ಬ್ಯಾಗ ನೋಡಿ, "ಶಂಖ ಎಲ್ಲವ ಮತ್ತ?" ಅಂದ. ಆಗ ಎಲ್ಲಾರೂ ನಕ್ರು, ಕೂಸು ಸುದ್ದಾ. ಫೋನ್ ನನ್ನ ಮಾರಿ ಹತ್ರ ಬರ್ಲಿಕತ್ತು. "ಸಾಕು ಬಂದ್ ಮಾಡೋ" ಅಂದ್ರ ಪೋರ, "ಬಂದ್ ಮಾಡಬ್ಯಾಡ ಅಂದಿದ್ರಲ್ಲ ಅಣ್ಣಾ" ಅಂತಾನ.

ಏರ್‌ಸ್ಟೋನ್ ತೊಗೊಂಡೆ. ಚಿಲ್ರಿ ಇಸ್ಕೊಳ್ಲಾರದೇ ಬಂದೆ.

ಮಾರಿದಾಂವಗ ಅದೇ ವಿಡಿಯೋ ಕಳಿಸಿದೆ. ಜವಾಬ್ ಏನ್ ಬಂತು ಅಂತೀರಿ? "ಎಲ್ಲಾ ಜೀವಂತ ಬಂದಿವೆಯಲ್ಲ ಸರ್. ಸತ್ತು ಬಂದ್ರೆ ಮಾತ್ರ ಗ್ಯಾರಂಟಿ." ಮ್ಯಾಲೊಂದು ಹೆಬ್ಬೆಟ್ಟು. ಅರ್ಧ ತಾಸಿಗಿ ಅವನ ಫೋಟೋ ಮಾಯ, ಫೋನ್ ಹತ್ತಂಗಿಲ್ಲ.

ಅಂದ್ರ ಸತ್ತಿದ್ರ ರೊಕ್ಕ ವಾಪಸ್ ಬರ್ತಿತ್ತು! ಯಾರರ ಜವಾಬ್ ಹೇಳ್ರಿ ಇದಕ್ಕ. ಮೀನು ಬದುಕಿದ್ದು ನನ್ನ ತಪ್ಪೇನು? ಅಕ್ಕಿ ಕೇಳಿದ್ರ ರಾಗಿ ಕೊಟ್ಟು, ಹುಳ ಹತ್ತಿಲ್ಲಲ್ಲ ಅಂದ್ರ ಒಪ್ತೀರಿ? ಯಾವ ಆಫೀಸಿಗಿ ಹೋಗಿ ಏನಂತ ಬರೀಲಿ? "ನಮ್ಮ ಮೀನು ಶಂಖದಾಗ ಹೋಗವಲ್ಲವು" ಅಂತ ಬರೀಲ್ಯಾ?

ತಪ್ಪು ನಂದೇ ಅದ, ಬಿಡ್ರಿ. ಚೌಕಾಶಿ ಮಾಡಿ ಜೋಳ ತರಾಂವ ನಾ, ಫೋಟೋ ನೋಡಿ 5650 ಒತ್ತಿಬಿಟ್ಟೆ. ನಮ್ಮ ಬೋರ್ ನೀರಿನ ಸೊಕ್ಕೂ ಇತ್ತು. ನಮ್ಮದು ಸುಣ್ಣದ ಕಲ್ಲಿನ ಸೀಮಿ, ಬಕೀಟಿಗಿ ಬೆಳ್ಳಗ ಕರಿ ಕಟ್ತದ, ಬ್ಯಾಳಿ ಕುದಿಯಂಗಿಲ್ಲ ಅಂತ ಮನಿಯಾಕಿ ದಿನಾ ಬೈತಾಳ. ಟ್ಯಾಂಗನಿಕಾ ಮೀನಿಗಿ ಬೇಕಾದ್ದು ಅಂಥಾ ಗಡಸು ನೀರೇ. ಟೆಸ್ಟ್ ಮಾಡಿದ್ರ ಪಿಎಚ್ 8.2! ಜಗತ್ತಿನ್ಯಾಗ ಯಾರರ ಒಬ್ರಿಗಿ ನಮ್ಮ ಸವಳು ನೀರು ಸೇರ್ತದಲ್ಲ ಅಂತ ಕುಣದೀನಿ. 27 ಡಿಗ್ರಿ ದಾಟಬಾರದು ಅಂತ ಟ್ಯಾಂಕಿನ ಮ್ಯಾಲ ಟೇಬಲ್ ಫ್ಯಾನ್ ಕಟ್ಟೀನಿ. ಮನ್ಯಾಗ ನಾಕು ಮಂದಿಗಿ ಒಂದು ಕೂಲರ್, ಇಲ್ಲದ ಮೀನಿಗಿ ಒಂದು ಫ್ಯಾನ್, ಹದಿನೈದು ದಿನದಿಂದ.

ಶಂಖದ ಕತಿ ಕೇಳಬ್ಯಾಡ್ರಿ. ಗಾಣಗಾಪುರಕ್ಕ ಹೋದಾಗ ಆಕಿ ದತ್ತನ ಮುಂದ ಕೈ ಮುಗದು ನಿಂತಾಳ, ನಾ ಸಂಗಮದ ದಂಡಿಗಿ ಕುಂತು ಖಾಲಿ ಚಿಪ್ಪು ಆರಸ್ಲಿಕತ್ತೀನಿ. ನಲವತ್ತು. ಹಾಲಿನ ಪಾತೇಲಿದಾಗ ಎರಡು ಸಲ ಕುದಿಸೀನಿ. ಆ ಪಾತೇಲಿ ಈಗ ನಂದೇ, ಅಡಿಗಿಮನಿಗಿ ವಾಪಸ್ ತೊಗೊಳ್ಳವಲ್ಲಳು.

ಮೀನು ಟ್ಯಾಂಕಿಗಿ ಬಿಟ್ಟೀನಿ. ಅವೇನ್ ಪಾಪ ಮಾಡ್ಯಾವ. ಈ ಜೀಬ್ರಾ ಮಧ್ಯ ಅಮೆರಿಕಾದ ಜಾತಿ, ಇಂಗ್ಲೀಷಿನ್ಯಾಗ ಕನ್ವಿಕ್ಟ್ ಅಂತಾರ, ಕೈದಿ, ಪಟ್ಟಿ ಅಂಗಿ ಹಾಕ್ಕೊಂಡಾವಲ್ಲ ಅದಕ್ಕ. ಕೈದಿಗೋಳು ನಮ್ಮನ್ಯಾಗ, ಕಳ್ಳ ಹೊರಗ. ಬೆಳದ್ರ ಒಂದೊಂದೂ ನಾಕು ಇಂಚು, ಆ ಚಿಪ್ಪಿನ್ಯಾಗ ಬಾಲ ಸುದ್ದಾ ಹಿಡ್ಯಾಂಗಿಲ್ಲ. ಮರಿ ಹಾಕಾದ್ರಾಗ ಭಾಳ ಜೋರು. ವರ್ಷದಾಗ ನಾನೇ ಜೋಡಿಗಿ 30ರಂಗ ಮಾರ್ಲಿಕತ್ತಿರ್ತೀನಿ. ಆ ಅಂಗಡಿಯಾಂವಗ 25.

ಇನ್ನ ಈ ಉಸಾಬರಿ ಸಾಕು. ಯಾರಿಗರ ಶಂಖ ಬೇಕಿದ್ರ ಹೇಳ್ರಿ, ಪುಕ್ಕಟ ಕೊಡ್ತೀನಿ, ಕುದಿಸಿದ್ದವ.

ಅಲ್ಲ, ತಡೀರಿ. ಬ್ಯಾಡ. ಹೈದರಾಬಾದಿನ್ಯಾಗ ಯಾರೋ ಒಬ್ಬ ಮನ್ಯಾಗೇ ಮರಿ ಮಾಡ್ಸಿದ ಮಲ್ಟಿ ಅವ ಅಂದಾನಂತ. ಆಯಿತವಾರ ಬಸ್ಸಿಗಿ ನಾನೇ ಹೋಗಿ ಕಣ್ಣಿಲೇ ನೋಡಿ ಬರ್ತೀನಿ. ಮನ್ಯಾಗ ಏನಂತ ಹೇಳಿ ಹೋಗ್ಲಿ, ಅದೊಂದು ಹೇಳ್ರಿ.