ಆಶ್ರಯ ಕೇಳಲು ಆ್ಯಪ್: ಸರಿಯೇ?

ಅಮೆರಿಕ–ಮೆಕ್ಸಿಕೊ ಗಡಿಯಲ್ಲಿ ಆಶ್ರಯ ಬೇಡುವವರು 2023ರ ಜನವರಿಯಿಂದ ಎರಡು ವರ್ಷ ‘ಸಿಬಿಪಿ ಒನ್’ ಎಂಬ, ಅಮೆರಿಕದ ಗಡಿ ಕಾವಲು ಇಲಾಖೆಯ (ಸಿಬಿಪಿ) ಮೊಬೈಲ್ ಆ್ಯಪ್‌ನಲ್ಲಿ ಭೇಟಿಯ ಸಮಯ ಪಡೆಯಬೇಕಿತ್ತು. ಅದು ಸರಿಯೇ ಎಂಬ ಬಗ್ಗೆ ಪರ, ವಿರೋಧದ ಎರಡು ಬರಹಗಳು ಇಲ್ಲಿವೆ.

ಪರ: ಸರದಿ ಬೇಕು

ಈ ಪಕ್ಷ ವಹಿಸಿ ಬರೆಯಲು ಕೇಳಿದಾಗ ಹಿಂಜರಿದೆ. ಆ ಆ್ಯಪ್‌ನ ಸುತ್ತ ಇದ್ದ ಎಲ್ಲ ನಿಯಮಗಳನ್ನೂ ನಾನು ಸಮರ್ಥಿಸಲಾರೆ. ಆದರೆ ಸರದಿ ಬೇಕು ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಮೊದಲು ಏನಿತ್ತು? ಮೆಕ್ಸಿಕೊದ ಗಡಿಯೂರು ತಿಹುವಾನಾದಲ್ಲಿ ವಲಸಿಗರೇ ಒಂದು ನೋಟ್‌ಬುಕ್ಕಿನಲ್ಲಿ ಹೆಸರು ಬರೆದುಕೊಂಡು ಸರದಿ ನಡೆಸುತ್ತಿದ್ದರು. ಪುಸ್ತಕ ಹಿಡಿದವರನ್ನು ನಂಬದೆ ಬೇರೆ ದಾರಿ ಇರಲಿಲ್ಲ. ಆ್ಯಪ್ ಬಂದ ಮೇಲೆ, 2023ರ ಜೂನ್ ಕೊನೆಯಿಂದ ಎಂಟು ಪ್ರವೇಶದ್ವಾರಗಳಲ್ಲಿ ದಿನಕ್ಕೆ 1,450 ಮಂದಿಗೆ ಸಮಯ ಸಿಗುತ್ತಿತ್ತು. 2024ರ ಕೊನೆಯ ಹೊತ್ತಿಗೆ 9,36,000ಕ್ಕೂ ಹೆಚ್ಚು ಜನ ಹೀಗೆ ಸಮಯ ಪಡೆದಿದ್ದರು. ಗಡಿಯ ನದಿ ರಿಯೊ ಗ್ರಾಂಡೆಯ ನೀರಿಗೆ ಮಗುವನ್ನು ಎತ್ತಿಕೊಂಡು ಇಳಿಯುವುದಕ್ಕಿಂತ ಸೇತುವೆಯ ಮೇಲೆ ನಡೆದು ಹೋಗುವುದು ಮೇಲಲ್ಲವೇ?

ಎಲ್ಲರ ಬಳಿಯೂ ಫೋನ್ ಇರುತ್ತದೆಯೇ ಎಂದು ವಿರೋಧಿಸುವವರು ಕೇಳುತ್ತಾರೆ. ಈ ಕಾಲದಲ್ಲಿ ಖಂಡ ದಾಟುವವರಿಗೆ ದಾರಿ ತೋರುವುದೂ ಬಂಧುಗಳ ಜೊತೆ ಮಾತನಾಡಿಸುವುದೂ ಫೋನೇ. ಅದು ಇಲ್ಲದವರು ಕಡಿಮೆ.

ವಿರೋಧ: ಪ್ರಾಣಭಯಕ್ಕೆ ಟೋಕನ್ ಇಲ್ಲ

ಸರದಿಯ ಮಾತಾಡುವವರು ಗಡಿಯನ್ನು ಬ್ಯಾಂಕಿನ ಕೌಂಟರ್ ಎಂದುಕೊಂಡಿದ್ದಾರೆ. ಕೊಲ್ಲಲು ಬಂದವರಿಂದ ಓಡಿ ಬಂದ ಹೆಂಗಸಿಗೆ ನಿಮ್ಮ ಸರದಿ ಇನ್ನೂ ತಿಂಗಳುಗಳ ನಂತರ ಎಂದು ಹೇಳಲು ಯಾವ ಬಾಯಿ ಬರುತ್ತದೆ? ಪ್ರವೇಶದ್ವಾರದಲ್ಲಿ ಬಂದರೂ ಬೇರೆಡೆ ಬಂದರೂ ಆಶ್ರಯ ಕೇಳಬಹುದು ಎಂದು ಅಮೆರಿಕದ ವಲಸೆ ಕಾನೂನೇ ಹೇಳುತ್ತದೆ. ಹಾಗಿದ್ದೂ 2023ರ ಮೇ ತಿಂಗಳ ನಿಯಮ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಸಮಯ ಪಡೆಯದೆ ಬಂದವರನ್ನು ಅನರ್ಹರೆಂದೇ ಭಾವಿಸಿತು. ಹಕ್ಕು ಹೋಗಿ ಟಿಕೆಟ್ ಉಳಿಯಿತು.

ಆ ಟಿಕೆಟ್ಟಾದರೂ ಎಲ್ಲರಿಗೂ ಸಿಕ್ಕಿತೇ? ಆ್ಯಪ್ ಮಾತನಾಡಿದ್ದು ಇಂಗ್ಲಿಷ್, ಸ್ಪ್ಯಾನಿಷ್, ಹೈಟಿಯ ಕ್ರಿಯೋಲ್ ಮೂರೇ. ಗ್ವಾಟೆಮಾಲಾದ ಮಾಮ್, ಕಿಚೆ ನುಡಿಯವರು ಯಾರನ್ನು ಕೇಳಬೇಕಿತ್ತು? ಹೈಟಿ ಮತ್ತು ಆಫ್ರಿಕಾದಿಂದ ಬಂದ ಹಲವರು, ಆ್ಯಪ್ ಕೇಳುವ ಮುಖದ ಫೋಟೊ ತೆಗೆಯಲು ಹೋದರೆ ಕಪ್ಪು ಬಣ್ಣದ ತಮ್ಮ ಮುಖವನ್ನು ಕ್ಯಾಮೆರಾ ಸ್ವೀಕರಿಸುತ್ತಲೇ ಇಲ್ಲ ಎಂದು ದೂರಿದರು.

ಇದನ್ನು ಓದಿದಾಗ ನನಗೆ ಅಮ್ಮ ನೆನಪಾದಳು. ವೀಸಾಕ್ಕೆಂದು ಅವಳನ್ನು ಒಂದು ಕಚೇರಿಗೆ ಕರೆದೊಯ್ದಿದ್ದೆ. ಜೀವಮಾನವಿಡೀ ಮಣ್ಣಿನಲ್ಲಿ ದುಡಿದ ಬೆರಳುಗಳು. ಗೆರೆಗಳು ಸವೆದು ನುಣುಪಾಗಿದ್ದವು. ಯಂತ್ರ ಏಳು ಸಲ ಕೆಂಪು ದೀಪ ತೋರಿಸಿತು. ಪ್ರತಿ ಸಲವೂ ಅಮ್ಮ ಬೆರಳನ್ನು ಸೆರಗಿಗೆ ಒರೆಸಿಕೊಂಡು ಮತ್ತೆ ಇಟ್ಟಳು. ತಪ್ಪು ತನ್ನದೇ ಎಂಬಂತೆ ನನ್ನ ಮುಖ ನೋಡಿದಳು. ಕೊನೆಗೆ ಅಲ್ಲಿದ್ದ ಯುವತಿ ಎದ್ದು ಬಂದು, ಅಮ್ಮನ ಕೈಯನ್ನು ತನ್ನ ಕೈಯಲ್ಲಿ ಹಿಡಿದು, ಬೆರಳನ್ನು ನಿಧಾನವಾಗಿ ಒತ್ತಿದಳು. ಹಸಿರು ದೀಪ ಹತ್ತಿತು. ಎದ್ದು ಬರುವ ಅಂಥ ಒಬ್ಬರು ಫೋನಿನೊಳಗೆ ಇಲ್ಲ. ನಾವು ಹೋಗಿದ್ದು ಪ್ರವಾಸಕ್ಕೆ; ವೀಸಾ ಸಿಗದಿದ್ದರೆ ಮನೆಗೆ ಮರಳುತ್ತಿದ್ದೆವು. ಅವರಿಗೆ ಮರಳಲು ಮನೆಯಿಲ್ಲ.

2025ರ ಜನವರಿ 20ರಂದು ಹೊಸ ಅಧ್ಯಕ್ಷರು ಅಧಿಕಾರ ವಹಿಸಿಕೊಂಡ ಸ್ವಲ್ಪ ಹೊತ್ತಿನಲ್ಲೇ ಸುಮಾರು 30,000 ಮಂದಿಯ ಸಮಯಗಳು ರದ್ದಾದವು. ತಿಂಗಳುಗಟ್ಟಲೆ ನಿಯಮ ಪಾಲಿಸಿ ಕಾದವರು ಅವರೇ. ಮಾರ್ಚ್‌ನಲ್ಲಿ ಆ್ಯಪ್ ‘ಸಿಬಿಪಿ ಹೋಮ್’ ಎಂಬ ಹೆಸರಿನಲ್ಲಿ ಮತ್ತೆ ಬಂತು. ಅಮೆರಿಕದಿಂದ ತಾವಾಗಿಯೇ ಹೊರಟುಹೋಗುತ್ತೇವೆ ಎಂದು ತಿಳಿಸಲು ಅದರಲ್ಲಿ ಅವಕಾಶವಿದೆ.